ಕಾಣದ ನಾಣ್ಯಕ್ಕೆ ಕಂಡ ಮುಖ

ಕೊಳ್ಳುವವನ ಜೇಬಿನಲ್ಲಿ ನೋಟುಗಳಿವೆ. ಮಾರುವವನ ಮೊಬೈಲಿನಲ್ಲಿ ನಾಣ್ಯವಿದೆ. ನೋಟನ್ನು ಮೊದಲು ಕೊಟ್ಟುಬಿಟ್ಟರೆ ಮಾರುವವನು ಎದ್ದು ನಡೆದಾನು. ನಾಣ್ಯವನ್ನು ಮೊದಲು ಕಳುಹಿಸಿಬಿಟ್ಟರೆ ಕೊಳ್ಳುವವನು ಎದ್ದು ನಡೆದಾನು. ಒಮ್ಮೆ ಹೀಗೆ ಕಳುಹಿಸಿದ ನಾಣ್ಯವನ್ನು ಹಿಂದಕ್ಕೆ ಕರೆಸುವ ಶಕ್ತಿ ಲೋಕದ ಯಾವ ಬ್ಯಾಂಕಿಗೂ ಇಲ್ಲ. ಹಾಗಾದರೆ ಮೊದಲು ಕೊಡಬೇಕಾದವರು ಯಾರು?

ನಮ್ಮ ದನದ ಜಾತ್ರೆಗಳನ್ನು ಕಂಡವರಿಗೆ ಈ ಇಕ್ಕಟ್ಟು ತೀರ ಹೊಸದಲ್ಲ. ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಗೊತ್ತುಮಾಡಿಕೊಂಡ ಮೇಲೆ, ಹಗ್ಗ ಮೊದಲೋ ಹಣ ಮೊದಲೋ ಎಂಬ ಗಳಿಗೆ ಅಲ್ಲಿಯೂ ಬರುವುದುಂಟು. ಆದರೆ ಅಲ್ಲಿ ದಳ್ಳಾಳಿ ನಡುವೆ ನಿಂತಿರುತ್ತಾನೆ. ಎತ್ತು ಕಣ್ಣೆದುರಿಗೆ ಮೆಲುಕು ಹಾಕುತ್ತಿರುತ್ತದೆ. ನಾನೀಗ ಹೇಳಹೊರಟಿರುವ ವ್ಯಾಪಾರದಲ್ಲಿ ಕೊಳ್ಳುವ ವಸ್ತು ಕಣ್ಣಿಗೆ ಕಾಣುವುದಿಲ್ಲ. ಅದು ನಡೆಯುವ ಸ್ಥಳವೋ, ಭೂಪಟದಲ್ಲಿ ಭೂತಗನ್ನಡಿ ಹಿಡಿದು ಹುಡುಕಬೇಕಾದಂತಹ ಒಂದು ದ್ವೀಪ.

ಆ ದ್ವೀಪದ ಹೆಸರು ಡೊಮಿನಿಕ. ಕೆರಿಬಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿ ಬಿಲ್ಲಿನಂತೆ ಬಾಗಿರುವ ದ್ವೀಪಮಾಲೆಯಲ್ಲಿ, ಫ್ರೆಂಚರ ಗ್ವಾಡಲೂಪ್ ಮತ್ತು ಮಾರ್ಟಿನೀಕ್ ದ್ವೀಪಗಳ ನಡುವೆ ಅದು ಇದೆ. 1493ರ ನವೆಂಬರ್ 3ರ ಭಾನುವಾರ ಕೊಲಂಬಸನು ಅದನ್ನು ಕಂಡನು. ಲ್ಯಾಟಿನ್ ಭಾಷೆಯ ಭಾನುವಾರವೇ ದ್ವೀಪದ ಹೆಸರಾಯಿತು. ಅಲ್ಲಿಯ ಮೂಲನಿವಾಸಿಗಳಾದ ಕಲಿನಾಗೋ ಜನರು ಅದಕ್ಕೂ ಮುನ್ನವೇ ಅದನ್ನು ವೈತುಕುಬುಲಿ ಎಂದು ಕರೆಯುತ್ತಿದ್ದರು. ‘ಎತ್ತರದ ಮೈಯವಳು’ ಎಂದು ಅದರ ಅರ್ಥ. ಹೆಸರು ಅನ್ವರ್ಥವೇ ಸರಿ. ದ್ವೀಪವೆಲ್ಲ ಬೆಟ್ಟ, ಕಾಡು, ಹಳ್ಳ. ವರ್ಷದ ದಿನಕ್ಕೊಂದರಂತೆ ನಮ್ಮಲ್ಲಿ 365 ನದಿಗಳಿವೆ ಎಂದು ಅಲ್ಲಿಯವರು ಹೇಳಿಕೊಳ್ಳುವುದುಂಟು. ವಿಸ್ತಾರ 750 ಚದರ ಕಿಲೋಮೀಟರು, ಎಂದರೆ ಹೆಚ್ಚುಕಡಿಮೆ ನಮ್ಮ ಬೆಂಗಳೂರು ನಗರದಷ್ಟು. ಜನಸಂಖ್ಯೆ ಮಾತ್ರ ಸುಮಾರು 70,000. ಬೆಂಗಳೂರಿನ ಒಂದೆರಡು ಬಡಾವಣೆಗಳಿಗೆ ಸಾಲದು. ರಾಜಧಾನಿಯಾದ ರೋಸೋ ಪಟ್ಟಣವನ್ನು ಸಾಹಿತ್ಯ ಓದಿದವರು ಇಂಗ್ಲಿಷ್ ಕಾದಂಬರಿಕಾರ್ತಿ ಜೀನ್ ರೀಸಳ ಹುಟ್ಟೂರೆಂದು ಬಲ್ಲರು. ಬ್ರಿಟಿಷರಿಂದ ಸ್ವಾತಂತ್ರ್ಯ ದೊರೆತದ್ದು 1978ರ ನವೆಂಬರ್ 3ರಂದು. ಇದನ್ನು ಡೊಮಿನಿಕನ್ ಗಣರಾಜ್ಯವೆಂದು ಭ್ರಮಿಸಬಾರದು. ಅದು ಬೇರೆಯೇ ದೇಶ, ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಈ ಗೊಂದಲದಿಂದಾಗಿ ಡೊಮಿನಿಕಕ್ಕೆ ಬರಬೇಕಾದ ಅಂಚೆಯೇ ದಾರಿತಪ್ಪಿ ಅಲ್ಲಿಗೆ ಹೋಗುವುದುಂಟು.

ಇಂತಹ ದ್ವೀಪದಲ್ಲಿ ಒಬ್ಬನಿಗೆ ಬಿಟ್‌ಕಾಯಿನ್ ಬೇಕಾಯಿತೆನ್ನೋಣ. ಅವನು ಏನು ಮಾಡಬೇಕು?

ಬಿಟ್‌ಕಾಯಿನ್ನಿನ ಹೆಸರನ್ನು ಇಂದು ಕೇಳದವರಿಲ್ಲ. 2008ರ ಅಕ್ಟೋಬರ್ 31ರಂದು ಸತೋಶಿ ನಕಮೋಟೋ ಎಂಬ ಹೆಸರಿನಲ್ಲಿ ಯಾರೋ ಒಬ್ಬರು, ಅಥವಾ ಕೆಲವರು, ಒಂಬತ್ತು ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿದರು. 2009ರ ಜನವರಿಯಲ್ಲಿ ಆ ನಾಣ್ಯ ಹುಟ್ಟಿತು. ಯಾವ ಸರ್ಕಾರವೂ ಅಚ್ಚುಹಾಕದ, ಯಾವ ಬ್ಯಾಂಕೂ ಕಾಯದ ಹಣ ಅದು. ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಒಂದೇ ಲೆಕ್ಕದ ಪುಸ್ತಕವನ್ನು ಲೋಕದಾದ್ಯಂತ ಸಾವಿರಾರು ಗಣಕಯಂತ್ರಗಳು ಏಕಕಾಲದಲ್ಲಿ ಬರೆದಿಡುತ್ತವೆ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಅದಕ್ಕೆ ಹೊಸದೊಂದು ಪುಟ ಸೇರುತ್ತದೆ. ಒಟ್ಟು ನಾಣ್ಯಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಎಂದೂ ಮೀರದು. ಒಂದು ನಾಣ್ಯವನ್ನು ಹತ್ತು ಕೋಟಿ ಪಾಲು ಮಾಡಬಹುದು. ಒಂದೊಂದು ಪಾಲಿಗೂ ಸತೋಶಿ ಎಂದೇ ಹೆಸರು. ನಡುವೆ ಯಾರನ್ನೂ ನಂಬದೆ ಒಬ್ಬನು ಇನ್ನೊಬ್ಬನಿಗೆ ನೇರವಾಗಿ ಹಣ ಕೊಡುವಂತಾಗಬೇಕೆಂಬುದೇ ಆ ಪ್ರಬಂಧದ ಹಂಬಲವಾಗಿತ್ತು.

ಆದರೆ ನಂಬಿಕೆ ಬೇಡದ ಆ ನಾಣ್ಯವನ್ನು ಮೊತ್ತಮೊದಲು ಕೈಗೆ ತಂದುಕೊಳ್ಳುವುದಕ್ಕೆ ಯಾರನ್ನಾದರೂ ನಂಬಲೇಬೇಕು. ನೋಟು ಈ ಲೋಕದ್ದು, ನಾಣ್ಯ ಆ ಲೋಕದ್ದು. ಲೆಕ್ಕದ ಪುಸ್ತಕವು ನಾಣ್ಯವನ್ನು ಬಲ್ಲುದೇ ಹೊರತು, ಮೇಜಿನ ಮೇಲಿಟ್ಟ ನೋಟಿನ ಕಟ್ಟನ್ನು ಬಲ್ಲದು.

ದೊಡ್ಡ ದೇಶಗಳಲ್ಲಿ ಈ ಸೇತುವೆಯನ್ನು ವಿನಿಮಯ ಕೇಂದ್ರಗಳು ಕಟ್ಟಿವೆ. ಗುರುತಿನ ಚೀಟಿ ತೋರಿಸಿ, ಬ್ಯಾಂಕಿನ ಖಾತೆಯನ್ನು ಜೋಡಿಸಿದರೆ ಐದು ನಿಮಿಷದ ಕೆಲಸ. ಡೊಮಿನಿಕದವನಿಗೆ ಆ ಸೇತುವೆ ಅಷ್ಟು ಸುಲಭದಲ್ಲಿ ಸಿಗುವುದಿಲ್ಲ. ಅಲ್ಲಿ ಚಲಾವಣೆಯಲ್ಲಿರುವುದು ಪೂರ್ವ ಕೆರಿಬಿಯನ್ ಡಾಲರು. ಎಂಟು ಪುಟ್ಟ ದ್ವೀಪನಾಡುಗಳಿಗೆಲ್ಲ ಅದೊಂದೇ ಹಣ. ಸೇಂಟ್ ಕಿಟ್ಸ್ ದ್ವೀಪದ ಬಾಸ್ಟೇರ್ ಪಟ್ಟಣದಲ್ಲಿರುವ ಕೇಂದ್ರ ಬ್ಯಾಂಕು ಅದನ್ನು ನಡೆಸುತ್ತದೆ. 1976ರಿಂದ ಇಂದಿನವರೆಗೆ ಒಂದು ಅಮೆರಿಕನ್ ಡಾಲರಿಗೆ ಅದರ ದರ 2.70; ಒಂದು ಕಾಸೂ ಅತ್ತಿತ್ತ ಆಗಿಲ್ಲ. ನಮ್ಮ ರೂಪಾಯಿಯ ಸ್ಥಿತಿಯನ್ನು ನೆನೆದರೆ ಹೊಟ್ಟೆಕಿಚ್ಚಾಗುವ ಸಂಗತಿ! ಆದರೆ ಆ ಗಟ್ಟಿತನ ದ್ವೀಪಗಳ ಒಳಗಷ್ಟೆ. ಹೊರಲೋಕದಲ್ಲಿ ಆ ಹಣವನ್ನು ಕೇಳುವವರಿಲ್ಲ. ಹೊರಗಿನ ಪ್ರತಿಯೊಂದು ಕೊಳ್ಳುವಿಕೆಗೂ ಅದನ್ನು ಮೊದಲು ಅಮೆರಿಕನ್ ಡಾಲರಾಗಿ ಬದಲಿಸಬೇಕು.

ಡಾಲರನ್ನು ಹೊರಗೆ ಕಳುಹಿಸುವುದಕ್ಕೆ ದ್ವೀಪದ ಬ್ಯಾಂಕಿಗೆ ಅಮೆರಿಕದಲ್ಲೋ ಯೂರೋಪಿನಲ್ಲೋ ಒಂದು ದೊಡ್ಡ ಬ್ಯಾಂಕಿನ ಆಸರೆ ಬೇಕು. ಕಳೆದ ದಶಕದಲ್ಲಿ ಆ ದೊಡ್ಡ ಬ್ಯಾಂಕುಗಳು ಕೆರಿಬಿಯನ್ ದ್ವೀಪಗಳಿಂದ ಒಂದೊಂದಾಗಿ ಕೈತೆಗೆದವು. ಕಪ್ಪುಹಣದ ಭಯ ಹೆಚ್ಚು, ಬರುವ ಲಾಭ ಅಲ್ಪ. ಇಷ್ಟೇ ಅವರ ಲೆಕ್ಕಾಚಾರ. ತಲೆಮಾರುಗಳಿಂದ ಅಲ್ಲಿದ್ದ ಕೆನಡಾದ ಬ್ಯಾಂಕುಗಳು ಕೂಡ ಗಂಟುಕಟ್ಟಿದವು. ಸ್ಕೋಷಿಯಾ ಬ್ಯಾಂಕು 2019ರಲ್ಲಿ, ರಾಯಲ್ ಬ್ಯಾಂಕು 2021ರಲ್ಲಿ ಡೊಮಿನಿಕದ ತಮ್ಮ ವ್ಯವಹಾರವನ್ನು ಪರಭಾರೆ ಮಾಡಿದವು. ಹೀಗೆ ಹೊರಗಿನ ಬಾಗಿಲು ಕಿರಿದಾಗುತ್ತ ಬಂದ ನಾಡಿನಲ್ಲಿ, ಬಿಟ್‌ಕಾಯಿನ್ ಬೇಕಾದವನು ಅದನ್ನು ಈಗಾಗಲೇ ಹೊಂದಿರುವ ಇನ್ನೊಬ್ಬ ದ್ವೀಪವಾಸಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಇದೇ ಕೈಯಿಂದ ಕೈಗೆ ನಡೆಯುವ ವ್ಯಾಪಾರ.

ದುಬಾರಿಯಾಗುವುದೇಕೆ?

ಎಪ್ಪತ್ತು ಸಾವಿರ ಜನರಲ್ಲಿ ಮಾರುವವರು ಎಷ್ಟು ಮಂದಿ ಇದ್ದಾರು? ವಿದೇಶದ ಕಂಪನಿಗಳಿಗೆ ಕೆಲಸಮಾಡಿ ಸಂಬಳವನ್ನು ನಾಣ್ಯದಲ್ಲಿ ಪಡೆಯುವವನೊಬ್ಬ, ಬಂದು ನೆಲೆಸಿದ ಪರದೇಶಿಯೊಬ್ಬ, ಇದನ್ನೇ ಉಪಕಸುಬು ಮಾಡಿಕೊಂಡವನೊಬ್ಬ. ಸಂತೆಯಲ್ಲಿ ಒಂದೇ ಬದನೆಕಾಯಿ ಬುಟ್ಟಿ ಇದ್ದರೆ ಬೆಲೆ ಹೇಳುವವಳು ಅದರ ಒಡತಿಯೇ ತಾನೆ?

ಲೆಕ್ಕಕ್ಕಾಗಿ ಒಂದು ಬಿಟ್‌ಕಾಯಿನ್ನಿಗೆ 60,000 ಅಮೆರಿಕನ್ ಡಾಲರು ಎಂದಿಟ್ಟುಕೊಳ್ಳೋಣ. ಕೊಳ್ಳುವವನು 1,000 ಪೂರ್ವ ಕೆರಿಬಿಯನ್ ಡಾಲರನ್ನು ತಂದಿದ್ದಾನೆ. ಎಂದರೆ ಸುಮಾರು 370 ಅಮೆರಿಕನ್ ಡಾಲರು. ಪೇಟೆಯ ದರದಲ್ಲಿ ಅವನಿಗೆ 6,17,000 ಸತೋಶಿ ಬರಬೇಕು. ಮಾರುವವನು ನೂರಕ್ಕೆ ಹತ್ತು ಹೆಚ್ಚು ಕೇಳಿದನೆಂದರೆ ಅವನ ಕೈಸೇರುವುದು 5,61,000 ಸತೋಶಿ ಮಾತ್ರ. ಕೊಂಡ ಮರುಗಳಿಗೆಯಲ್ಲೇ ಅವನು ನಷ್ಟದಲ್ಲಿದ್ದಾನೆ. ನಾಣ್ಯದ ಬೆಲೆ ಅಷ್ಟು ಏರಿದ ಮೇಲಷ್ಟೇ ಅವನ ಅಸಲು ಅವನಿಗೆ ದಕ್ಕೀತು. ಈ ಹೆಚ್ಚುವರಿಯನ್ನು ಸುಲಿಗೆ ಎಂದು ಕರೆದುಬಿಡುವುದು ಸುಲಭ. ಆದರೆ ಮಾರುವವನೂ ತನ್ನ ದಾಸ್ತಾನನ್ನು ತುಂಬಿಕೊಳ್ಳಬೇಕಲ್ಲ? ಕೈಗೆ ಬಂದ ನೋಟುಗಳನ್ನು ಅವನು ಮತ್ತೆ ಡಾಲರಾಗಿ ಮಾಡಿ, ಅದೇ ಕಿರಿದಾದ ಬಾಗಿಲಿನಿಂದ ಹೊರಗೆ ಕಳುಹಿಸಬೇಕು. ಪ್ರತಿ ಹೊಸಿಲಿಗೂ ಶುಲ್ಕ ತೆರಬೇಕು. ನಡುವೆ ಬೆಲೆ ಬಿದ್ದರೆ ಆ ಪೆಟ್ಟನ್ನು ತಾನೇ ತಿನ್ನಬೇಕು.

ಮಧ್ಯಸ್ಥನ ಪೆಟ್ಟಿಗೆ

ಮೊದಲು ಯಾರು ಕೊಡಬೇಕೆಂಬ ಪ್ರಶ್ನೆಗೆ ಜಾಲತಾಣಗಳು ಒಂದು ಉತ್ತರವನ್ನು ಕಂಡುಹಿಡಿದವು. 2012ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹುಟ್ಟಿದ ಲೋಕಲ್‌ಬಿಟ್‌ಕಾಯಿನ್ಸ್ ಎಂಬುದು ಇವುಗಳಲ್ಲಿ ಬಹು ಪ್ರಸಿದ್ಧವಾಯಿತು. ಮಾರುವವನು ತನ್ನ ನಾಣ್ಯವನ್ನು ಮೊದಲು ತಾಣದ ಬಳಿ ಇಡುಗಂಟಾಗಿ ಇಡಬೇಕು. ಕೊಳ್ಳುವವನು ಅದು ಬೀಗದೊಳಗೆ ಇರುವುದನ್ನು ಕಂಡು ಹಣವನ್ನು ಬ್ಯಾಂಕಿನ ಮೂಲಕವೋ ಕೈಯಲ್ಲೋ ಕೊಡುತ್ತಾನೆ. ಹಣ ತಲುಪಿತೆಂದು ಮಾರುವವನು ಒಪ್ಪಿದ ಕೂಡಲೇ ಬೀಗ ತೆರೆಯುತ್ತದೆ. ಜಗಳ ಬಂದರೆ ತಾಣದವರೇ ಪಂಚಾಯಿತಿ ಮಾಡುತ್ತಾರೆ. ಪ್ರತಿ ವ್ಯಾಪಾರದ ನಂತರ ಒಬ್ಬರಿಗೊಬ್ಬರು ಅಂಕ ಕೊಡುವರು. ಹೆಚ್ಚು ಅಂಕದವನ ಬಳಿಗೆ ಹೆಚ್ಚು ಜನ.

ಇನ್ನೂ ಜಾಣತನದ ಮತ್ತೊಂದು ಕ್ರಮವಿದೆ. ಪೆಟ್ಟಿಗೆಗೆ ಮೂರು ಕೀಲಿಗಳು: ಒಂದು ಕೊಳ್ಳುವವನಿಗೆ, ಒಂದು ಮಾರುವವನಿಗೆ, ಒಂದು ಮಧ್ಯಸ್ಥನಿಗೆ. ಮೂರರಲ್ಲಿ ಯಾವ ಎರಡು ಕೂಡಿದರೂ ಪೆಟ್ಟಿಗೆ ತೆರೆಯುವುದು, ಒಂದರಿಂದ ಆಗದು. ಬ್ಯಾಂಕಿನ ಲಾಕರಿಗೆ ನಮ್ಮದೊಂದು ಬೀಗದಕೈ, ಮ್ಯಾನೇಜರದೊಂದು ಬೀಗದಕೈ ಇರುವುದಿಲ್ಲವೇ, ಹಾಗೆ. ಇಲ್ಲಿ ಮಧ್ಯಸ್ಥನು ತಾನೊಬ್ಬನೇ ಕದಿಯುವಂತಿಲ್ಲ. ಕಳ್ಳನೊಬ್ಬನ ಜತೆ ಸೇರಿದರೆ ಮಾತ್ರ ಕದಿಯಬಲ್ಲ.

ಇಷ್ಟೆಲ್ಲ ಉಪಾಯಗಳಿದ್ದೂ ಮೋಸ ನಿಂತಿಲ್ಲ, ಏಕೆಂದರೆ ಪೆಟ್ಟಿಗೆ ಕಾಯುವುದು ನಾಣ್ಯವನ್ನು ಮಾತ್ರ. ಹಣದ ಕಡೆಗೆ ಕಾವಲಿಲ್ಲ. ಬ್ಯಾಂಕಿನ ರಸೀದಿಯನ್ನು ಹುಸಿಯಾಗಿ ತಯಾರಿಸಿ ಕಳುಹಿಸುವವರುಂಟು. ಹಣ ಕಟ್ಟಿ, ನಾಣ್ಯ ಪಡೆದು, ಆಮೇಲೆ ‘ನನ್ನ ಖಾತೆಯಿಂದ ಯಾರೋ ಕದ್ದರು’ ಎಂದು ಬ್ಯಾಂಕಿಗೆ ದೂರಿತ್ತು ಹಣವನ್ನು ಹಿಂದಕ್ಕೆ ಪಡೆಯುವವರುಂಟು. ಎಲ್ಲಕ್ಕಿಂತ ಕ್ರೂರವಾದುದು ಮೂರನೆಯವನನ್ನು ಸಿಕ್ಕಿಸುವ ಮೋಸ. ಕಳ್ಳನು ಎಲ್ಲಿಯೋ ಒಬ್ಬ ಅಮಾಯಕನನ್ನು ವಂಚಿಸಿ, ಅವನು ಕಟ್ಟುವ ಹಣ ನೇರವಾಗಿ ನಾಣ್ಯ ಮಾರುವವನ ಖಾತೆಗೆ ಬೀಳುವಂತೆ ಮಾಡುತ್ತಾನೆ. ಮಾರುವವನು ಹಣ ಬಂತೆಂದು ನಾಣ್ಯವನ್ನು ಬಿಟ್ಟುಕೊಡುತ್ತಾನೆ. ಕಳ್ಳ ಮಾಯ, ಪೊಲೀಸರು ಬರುವುದು ಮಾರಿದವನ ಮನೆಗೆ. ಆದ್ದರಿಂದಲೇ ಅನುಭವಸ್ಥರು, ಕೊಳ್ಳುವವನ ಹೆಸರೂ ಹಣ ಬಂದ ಖಾತೆಯ ಹೆಸರೂ ಒಂದೇ ಆಗಿರದಿದ್ದರೆ ಹಣವನ್ನು ಮುಟ್ಟುವುದೇ ಇಲ್ಲ.

ಈ ಪಾಠವನ್ನು ನಮ್ಮ ದೇಶದವರೂ ಕಷ್ಟಪಟ್ಟು ಕಲಿತಿದ್ದಾರೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಇಂತಹ ನಾಣ್ಯಗಳ ವ್ಯವಹಾರಕ್ಕೆ ಬ್ಯಾಂಕುಗಳು ನೆರವಾಗಕೂಡದೆಂದು ಆಜ್ಞೆಮಾಡಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಪಡಿಸಿತು. ನಡುವಿನ ಸುಮಾರು ಎರಡು ವರ್ಷ ಬೆಂಗಳೂರಿನವನೂ ಈ ವಿಷಯದಲ್ಲಿ ಒಬ್ಬ ದ್ವೀಪವಾಸಿಯೇ ಆಗಿದ್ದನು. ಗುರುತಿಲ್ಲದ ಇನ್ನೊಬ್ಬನಿಗೆ ಹಣ ಕಳುಹಿಸಿ, ಅವನು ನಾಣ್ಯವನ್ನು ಬಿಟ್ಟುಕೊಡುವನೋ ಇಲ್ಲವೋ ಎಂದು ಮೊಬೈಲನ್ನೇ ನೋಡುತ್ತ ಕುಳಿತಿರಬೇಕಾಗಿತ್ತು. ಯಾರದೋ ಕದ್ದ ಹಣ ಹಾದುಹೋಯಿತೆಂಬ ಕಾರಣದಿಂದ ಖಾತೆಗೆ ತಡೆ ಬಿದ್ದು ಠಾಣೆಗಳಿಗೆ ಅಲೆದವರು ನಮ್ಮಲ್ಲಿಯೂ ಇದ್ದಾರೆ.

ಲೋಕಲ್‌ಬಿಟ್‌ಕಾಯಿನ್ಸ್ ತಾಣವು 2019ರಲ್ಲಿ ಮುಖಾಮುಖಿ ನಗದು ವ್ಯಾಪಾರದ ವಿಭಾಗವನ್ನು ತೆಗೆದುಹಾಕಿತು; 2023ರಲ್ಲಿ ಪೂರ್ತಿ ಮುಚ್ಚಿತು. ಅಂತಹ ಬೇರೆ ತಾಣಗಳು ಇವೆ, ನಿಜ. ಆದರೆ ದೊಡ್ಡ ಊರಿನವನಿಗೆ ಅಂಗಡಿ ಮುಚ್ಚಿದರೆ ಪಕ್ಕದ ಅಂಗಡಿ ಇರುತ್ತದೆ. ಪುಟ್ಟ ದ್ವೀಪದಲ್ಲಿ ಅಂಗಡಿಗಿಂತ ಗುರುತೇ ಹೆಚ್ಚು ಬಾಳುವ ವಸ್ತು.

ಆ ಗುರುತಿನ ಮೇಲೆ ಹಣದ ವ್ಯವಹಾರ ನಡೆಸುವುದು ಆ ಜನರಿಗೆ ಹೊಸದೇನೂ ಅಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಸುಸು ಎಂಬುದೊಂದು ಪದ್ಧತಿ ಇದೆ. ಹತ್ತು ಹನ್ನೆರಡು ಮಂದಿ ಸೇರಿ ವಾರಕ್ಕೋ ತಿಂಗಳಿಗೋ ಇಷ್ಟೆಂದು ಹಾಕುವರು. ಒಟ್ಟಾದ ಹಣ ಸರದಿಯಂತೆ ಒಬ್ಬೊಬ್ಬರಿಗೆ ಹೋಗುವುದು. ಆಫ್ರಿಕದಿಂದ ಗುಲಾಮರಾಗಿ ಬಂದವರು ಜತೆಗೆ ತಂದುಕೊಂಡ ಪದ್ಧತಿ ಅದು. ಓದುವಾಗ ‘ಇದು ನಮ್ಮ ಚೀಟಿಯಲ್ಲವೇ!’ ಎಂದು ನನಗೆ ಆಶ್ಚರ್ಯವಾಯಿತು. ನಮ್ಮ ತಾಯಿಯವರು ಬೀದಿಯ ಕೊನೆಯ ಮನೆಯವರ ಬಳಿ ಇಪ್ಪತ್ತು ತಿಂಗಳ ಚೀಟಿ ಹಾಕಿದ್ದರು. ಹದಿನಾರನೆಯ ತಿಂಗಳಲ್ಲಿ ಆ ಮನೆಗೆ ಬೀಗ ಬಿದ್ದಿತು. ತಾಯಿಯವರು ಹೋದ ಹಣದ ವಿಷಯವನ್ನು ಎರಡು ವರ್ಷದಲ್ಲಿ ಮರೆತರು. ‘ನಮ್ಮ ಮನೆಯ ಹಬ್ಬಕ್ಕೆ ಬಂದು ಒಬ್ಬಟ್ಟು ತಿಂದವಳು’ ಎಂಬುದನ್ನು ಮಾತ್ರ ಇಂದಿಗೂ ಮರೆತಿಲ್ಲ. ಗುರುತಿನ ಬಲ ಯಾವುದೋ ಅದರ ಅಪಾಯವೂ ಅದೇ.

ಡೊಮಿನಿಕದಲ್ಲಿ 1950ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದ ಸಿಸ್ಟರ್ ಅಲೀಸಿಯಾ ಎಂಬ ಸನ್ಯಾಸಿನಿಯು ಬಡವರ ಚಿಲ್ಲರೆ ಕಾಸನ್ನು ಕೂಡಿಸಿ ಸಹಕಾರಿ ಸಾಲದ ಸಂಘಗಳನ್ನು ಹುಟ್ಟುಹಾಕಿದಳು. ವಿದೇಶೀ ಬ್ಯಾಂಕುಗಳು ಬಂದವು, ಹೋದವು. ಆ ಚಳವಳಿಯಿಂದ ಬೆಳೆದ ಸಂಘಗಳು ಈಗಲೂ ಅಲ್ಲಿಯ ಮನೆಮನೆಯ ಉಳಿತಾಯವನ್ನು ಹೊತ್ತು ನಿಂತಿವೆ.

ಆಕಾಶದಿಂದ ಬಿದ್ದ ಯೋಜನೆಗಳು

ಹೊರಗಿನವರಿಗೆ ಇಷ್ಟೆಲ್ಲ ನೋಡುವ ವ್ಯವಧಾನವಿರಲಿಲ್ಲ. 2015ರ ಮಾರ್ಚ್ 14ರಂದು ಡೊಮಿನಿಕದ ಪ್ರತಿಯೊಬ್ಬ ನಿವಾಸಿಗೂ ಮೊಬೈಲಿನ ಮೂಲಕ ಸ್ವಲ್ಪ ಸ್ವಲ್ಪ ಬಿಟ್‌ಕಾಯಿನ್ನನ್ನು ಉಚಿತವಾಗಿ ಹಂಚುವುದೆಂದು ಕೆಲವು ಉತ್ಸಾಹಿಗಳು ಸಾರಿದರು. ಇಡೀ ಒಂದು ನಾಡು ಒಂದೇ ದಿನದಲ್ಲಿ ಹೊಸ ನಾಣ್ಯದ ನಾಡಾಗುವುದೆಂದು ಅವರ ಕನಸು. ಹಂಚಿಕೆ ನಡೆಯಲೇ ಇಲ್ಲ. ದಿನ ಬರುವ ಮುನ್ನವೇ ಯೋಜನೆ ಕೈಬಿಟ್ಟುಹೋಯಿತು.

ಆಮೇಲೆ ಬಂದದ್ದು ಚಂಡಮಾರುತ. 2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಎಂಬ ಬಿರುಗಾಳಿ, ಅಳತೆಯ ಅತ್ಯುಗ್ರ ದರ್ಜೆಯಾದ ಐದನೆಯ ದರ್ಜೆಯಲ್ಲಿ, ದ್ವೀಪದ ಮೇಲೆ ಹಾದುಹೋಯಿತು. ಪ್ರಧಾನಮಂತ್ರಿ ರೂಸ್ವೆಲ್ಟ್ ಸ್ಕೆರಿಟ್ ಅವರ ಮನೆಯ ಮಾಡೇ ಹಾರಿಹೋಯಿತು. ಅದನ್ನು ಅವರೇ ಆ ರಾತ್ರಿ ಫೇಸ್‌ಬುಕ್ಕಿನಲ್ಲಿ ಲೋಕಕ್ಕೆ ತಿಳಿಸಿದರು. ಆದ ನಷ್ಟ ನಾಡಿನ ಒಂದು ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗೂ ಮಿಕ್ಕಿತ್ತು. ವಿದ್ಯುತ್ತಿಲ್ಲ, ದೂರವಾಣಿಯಿಲ್ಲ, ಎಷ್ಟೋ ಹಳ್ಳಿಗಳಿಗೆ ತಿಂಗಳುಗಟ್ಟಲೆ ಬೆಳಕಿಲ್ಲ. ಒದ್ದೆಯಾದ ನೋಟನ್ನು ಬಿಸಿಲಿಗೆ ಹರವಿ ಒಣಗಿಸಿ ಅಕ್ಕಿ ಕೊಳ್ಳಬಹುದು. ವಿದ್ಯುತ್ತಿಲ್ಲದ ಮೊಬೈಲಿನಲ್ಲಿ ಎಷ್ಟು ನಾಣ್ಯವಿದ್ದರೇನು? ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಬಿಟ್‌ಕಾಯಿನ್ನಿನ ಒಡೆತನವೆಲ್ಲ ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳಲ್ಲಿ ಅಡಗಿರುತ್ತದೆ. ಮೊಬೈಲು ಪ್ರವಾಹದಲ್ಲಿ ಹೋದರೂ ಆ ಪದಗಳನ್ನು ಬಲ್ಲವನು ಇನ್ನೊಂದು ಊರಿನಲ್ಲಿ, ಇನ್ನೊಂದು ಯಂತ್ರದಲ್ಲಿ ತನ್ನ ಹಣವನ್ನು ಮರಳಿ ಪಡೆಯಬಹುದು. ಕಾಗದ ನೆನೆದೀತೆಂದು ಕೆಲವರು ಆ ಪದಗಳನ್ನು ಉಕ್ಕಿನ ತಗಡಿನ ಮೇಲೆ ಕೊರೆಸಿಡುತ್ತಾರೆ. ದತ್ತಿಗಳನ್ನು ತಾಮ್ರಪಟದಲ್ಲಿ ಬರೆಸಿದ ನಮ್ಮ ಅರಸರು ಇದನ್ನು ಮೆಚ್ಚುತ್ತಿದ್ದರು.

ಕೇಂದ್ರ ಬ್ಯಾಂಕೂ ಸುಮ್ಮನೆ ಕೂಡಲಿಲ್ಲ. ಡಿಕ್ಯಾಶ್ ಎಂಬ ತನ್ನದೇ ಅಂಕೀಯ ಹಣವನ್ನು 2021ರ ಮಾರ್ಚ್ ಕೊನೆಯಲ್ಲಿ ಕೆಲವು ದ್ವೀಪಗಳಲ್ಲಿ ಪ್ರಯೋಗಕ್ಕೆ ತಂದಿತು; ಡಿಸೆಂಬರಿನಲ್ಲಿ ಡೊಮಿನಿಕಕ್ಕೂ ವಿಸ್ತರಿಸಿತು. ಮರುತಿಂಗಳೇ, 2022ರ ಜನವರಿಯಲ್ಲಿ, ವ್ಯವಸ್ಥೆ ನಿಂತುಹೋಯಿತು. ಕಾರಣ ವೈರಿಗಳ ದಾಳಿಯಲ್ಲ. ಯಂತ್ರಗಳು ಒಂದನ್ನೊಂದು ಗುರುತಿಸಲು ಬೇಕಾದ ಪ್ರಮಾಣಪತ್ರವೊಂದರ ಅವಧಿ ಮುಗಿದಿತ್ತು! ಸುಮಾರು ಎರಡು ತಿಂಗಳು ಆ ಹಣವನ್ನು ಯಾರೂ ಅಲ್ಲಾಡಿಸುವಂತಿರಲಿಲ್ಲ. 2024ರ ಜನವರಿಯಲ್ಲಿ ಪ್ರಯೋಗವನ್ನು ಮುಗಿಸಲಾಯಿತು.

ಹಾಗೆಂದು ಬಿಟ್‌ಕಾಯಿನ್ ಕೊಂಡವನು ಜಾಣನಾದನೆಂದು ನಾನು ಹೇಳಲಾರೆ. 2021ರ ನವೆಂಬರಿನಲ್ಲಿ 69,000 ಡಾಲರಿನ ಸಮೀಪದಲ್ಲಿದ್ದ ನಾಣ್ಯ ಒಂದೇ ವರ್ಷದಲ್ಲಿ 17,000ಕ್ಕಿಂತ ಕೆಳಗೆ ಬಿದ್ದಿತು. 2024ರ ಡಿಸೆಂಬರಿನಲ್ಲಿ ಒಂದು ಲಕ್ಷವನ್ನು ದಾಟಿತು. ಮಗಳ ಮದುವೆಗೆಂದೋ ಮಗನ ಫೀಜಿಗೆಂದೋ ಇಟ್ಟ ಹಣ ಇಂತಹ ಉಯ್ಯಾಲೆಯಲ್ಲಿ ಕೂರಬಾರದು. ಆದರೆ ಹೊರಲೋಕದಿಂದ ಒಂದು ಪುಸ್ತಕವನ್ನೋ ಯಂತ್ರದ ಬಿಡಿಭಾಗವನ್ನೋ ತರಿಸಲು ಬೇರೆ ದಾರಿ ಕಾಣದವನ ವಿಷಯ ಬೇರೆ. ಅವನು ನೂರಕ್ಕೆ ಹತ್ತು ಹೆಚ್ಚು ತೆತ್ತರೂ ಅದು ಜೂಜಲ್ಲ, ದೋಣಿಯ ಬಾಡಿಗೆ.

ಅಂತಹವನೊಬ್ಬನು ರೋಸೋ ಪಟ್ಟಣದಲ್ಲಿ, ಹಗಲು ಹೊತ್ತಿನಲ್ಲಿ, ಜನ ಓಡಾಡುವ ಒಂದು ಕಾಫಿ ಅಂಗಡಿಯಲ್ಲಿ ಮಾರುವವನೆದುರಿಗೆ ಕುಳಿತಿದ್ದಾನೆಂದು ಕಲ್ಪಿಸಿಕೊಳ್ಳೋಣ. ಸಾಮಾನ್ಯವಾಗಿ ಒಪ್ಪಂದವಾಗುವುದು ಹೀಗೆ: ನೋಟನ್ನು ಮೇಜಿನ ಮೇಲೆ ಇಬ್ಬರ ಕಣ್ಣಿಗೂ ಬೀಳುವಂತೆ ಇಡಬೇಕು, ಯಾರೂ ಮುಟ್ಟಬಾರದು, ಮಾರುವವನು ನಾಣ್ಯವನ್ನು ಕಳುಹಿಸಬೇಕು, ಲೆಕ್ಕದ ಪುಸ್ತಕದ ಒಂದು ಪುಟದಲ್ಲಿ ಅದು ಸೇರಿತೆಂದು ಕಂಡ ಮೇಲೆ ನೋಟು ಕೈಬದಲಾಗಬೇಕು. ಒಂದು ಪುಟಕ್ಕೆ ಹತ್ತು ನಿಮಿಷವೆಂಬುದು ಸರಾಸರಿಯ ಮಾತು; ಕೆಲವೊಮ್ಮೆ ಎರಡೇ ನಿಮಿಷ, ಕೆಲವೊಮ್ಮೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಇಬ್ಬರೂ ಎದ್ದು ಹೋಗುವಂತಿಲ್ಲ, ಸುಮ್ಮನೆ ಕೂರುವಂತೆಯೂ ಇಲ್ಲ. ಯಾವ ಊರು, ಯಾರ ಮಗ, ಮರಿಯಾ ಬಂದ ರಾತ್ರಿ ಎಲ್ಲಿದ್ದೆ, ಮಾಡು ಉಳಿಯಿತೇ ಎಂದು ಮಾತು ಹೊರಡುತ್ತದೆ. ಎಪ್ಪತ್ತು ಸಾವಿರ ಜನರ ನಾಡಿನಲ್ಲಿ ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಯಾರೋ ಒಬ್ಬ ಸೋದರತ್ತೆಯ ಕಡೆಯ ನೆಂಟ ಇಬ್ಬರಿಗೂ ಸಿಕ್ಕಿಬಿಡುತ್ತಾನೆ. ಅಷ್ಟರಲ್ಲಿ ಮೊಬೈಲು ಸದ್ದುಮಾಡುತ್ತದೆ. ಮಾರುವವನು ನೋಟುಗಳನ್ನು ತನ್ನ ಕಡೆಗೆ ಎಳೆದುಕೊಂಡು, ನೆಂಟಸ್ತಿಕೆ ಬೇರೆ, ಲೆಕ್ಕ ಬೇರೆ ಎಂಬಂತೆ ಒಂದೊಂದನ್ನೇ ಬೆಳಕಿಗೆ ಹಿಡಿದು ಎಣಿಸುತ್ತಾನೆ. ಅಂಚು ಹರಿದ ಒಂದನ್ನು ಹಿಂದಕ್ಕೆ ಸರಿಸಿ, ಬೇರೆ ಕೊಡು ಎನ್ನುತ್ತಾನೆ.